ಸಾಲ ತೀರಿದ ಮೇಲೆ ಬಂದ ಫೋನು

2023ರ ಮಾರ್ಚ್‌ನಲ್ಲಿ ನನ್ನ ಎರಡನೇ ಕ್ರೆಡಿಟ್ ಕಾರ್ಡಿನ ಬಾಕಿ ಪೂರ್ತಿ ತೀರಿಸಿದೆ. ಜೂನ್‌ನಲ್ಲಿ ಮೊದಲ ಫೋನು ಬಂತು. "ಸರ್, ನಿಮಗೆ ಪ್ರೀ-ಅಪ್ರೂವ್ಡ್ ಕಾರ್ಡ್ ಇದೆ. ಲಿಮಿಟ್ ಒಂದೂವರೆ ಲಕ್ಷ. ಲೈಫ್‌ಟೈಮ್ ಫ್ರೀ."

ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಕಾರ್ಡಿಗಲ್ಲ, ಆ 'ಸರ್'ಗೆ. ಅದಕ್ಕೂ ಹಿಂದಿನ ಎರಡು ವರ್ಷ ವಸೂಲಿಯವರು "ಯಾವಾಗ ಕಟ್ತೀಯ?" ಅಂತಲೇ ಮಾತು ಶುರು ಮಾಡುತ್ತಿದ್ದರು.

ನಾವು ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಯುವವರು. ಐದು ಮಷೀನು, ನಾನು, ಹೆಂಡತಿ, ಮೂವರು ಕೆಲಸದವರು. 2020ರ ಲಾಕ್‌ಡೌನ್‌ನಲ್ಲಿ ಕೆಲಸ ನಿಂತಿತು, ಹೊಲಿದು ಕೊಟ್ಟಿದ್ದರ ದುಡ್ಡೂ ಬರಲಿಲ್ಲ. ಪಗಾರ ಕೊಡಲು ಕಾರ್ಡ್ ಹಾಕಿ ಎಟಿಎಂನಲ್ಲಿ ನಗದು ತೆಗೆದೆ. ನಗದಿಗೆ ಅವತ್ತಿನಿಂದಲೇ ಬಡ್ಡಿ ಅಂತ ಆಗ ಗೊತ್ತಿರಲಿಲ್ಲ. ತಿಂಗಳಿಗೆ ಮೂರೂವರೆ ಪರ್ಸೆಂಟ್, ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 60,000 ಬಾಕಿ ಇದ್ದಾಗ ಮಿನಿಮಮ್ 3,000 ಕಟ್ಟುತ್ತಿದ್ದೆ. ಅದರಲ್ಲಿ 2,478 ಬಡ್ಡಿಗೂ ತೆರಿಗೆಗೂ ಹೋಗಿ, ಅಸಲಿಗೆ ಸೇರುತ್ತಿದ್ದುದು 522 ರೂಪಾಯಿ! ಕೊನೆಗೆ ಹೆಂಡತಿಯ ಬಳೆ ಮಾರಿ ಮುಗಿಸಿದೆವು. ಆ ಕಥೆ ಇಲ್ಲಿ ಬೇಡ.

ಸಾಲ ತೀರಿದವನ ಹಿಂದೆ ಯಾಕೆ ಬೀಳುತ್ತಾರೆ ಅಂತ ಆಮೇಲೆ ತಿಳಿಯಿತು. ಯಾರು ಸಾಲ ಹೇಗೆ ಕಟ್ಟಿದರು ಅಂತ ದಾಖಲಿಸಿ ಅಂಕ (ಸ್ಕೋರ್) ಕೊಡುವ ಸಿಬಿಲ್ ವರದಿಯಲ್ಲಿ ಬಾಕಿ ಸೊನ್ನೆಯಾಗಿ, ಸ್ಕೋರ್ ನಿಧಾನಕ್ಕೆ ಏರುತ್ತದೆ. ಪ್ರತಿ ತಿಂಗಳು ಪೂರ್ತಿ ಬಿಲ್ ಕಟ್ಟುವವನಿಂದ ಅವರಿಗೆ ಬಡ್ಡಿ ಸಿಗದು. ತಡವಾದರೂ ಬಡ್ಡಿ ಸಮೇತ ಕಟ್ಟಿದ ನನ್ನಂಥವನೇ ಒಳ್ಳೆ ಗಿರಾಕಿ, ಅಲ್ವಾ?

ಇಷ್ಟು ತಿಳಿದೂ ಒಮ್ಮೆ ಜಾರಿದೆ. ಆಗಸ್ಟ್‌ನಲ್ಲಿ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷೀನು ಕೈಕೊಟ್ಟಿತು. ಅದೇ ವಾರ ಮತ್ತೊಂದು ಫೋನು. ಪ್ಯಾನ್ ನಂಬರ್ ಕೊಟ್ಟೆ, ಒಟಿಪಿಯೂ ಬಂತು. ಓದಿ ಹೇಳಲು ಶುರು ಮಾಡಿದ್ದೆ. ಗುಂಡಿ ಹಚ್ಚುತ್ತ ಕೂತಿದ್ದ ಹೆಂಡತಿ ತಲೆ ಎತ್ತಿ, "ರೀ, ಯಾರಿಗೆ ಹೇಳಾಕತ್ತೀರಿ ನಂಬರು?" ಅಂದಳು. ಫೋನ್ ಇಟ್ಟುಬಿಟ್ಟೆ.

ಮರುದಿನ ಕೂತು ಕೆಲವು ಕೆಲಸ ಮಾಡಿದೆ. ಎರಡೂ ಹಳೆ ಕಾರ್ಡ್ ಮುಚ್ಚಲು ಬರೆದು ಕೊಟ್ಟೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಪ್ಪಿದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೆ ಕೊಡಬೇಕು. ಒಂದು ಕಡೆ ಸುಮ್ನೆ ಎಳೆದಾಡಿದರು. ಈ ನಿಯಮ ಹೇಳಿದ ಮೇಲೆ ಬೇಗ ಆಯಿತು. ಹಳೆ ಕಾರ್ಡ್ ಮುಚ್ಚಿದರೆ ಸ್ಕೋರ್ ಇಳಿಯಬಹುದು ಅಂತ ಗೆಳೆಯನೊಬ್ಬ ಹೆದರಿಸಿದ. ಇಳಿದರೆ ಇಳಿಯಲಿ ಅಂದೆ. ಬಾಕಿ ಇಲ್ಲ ಅನ್ನೋ ಪತ್ರ ತಗೊಂಡೆ. ವರ್ಷಕ್ಕೊಮ್ಮೆ ಪುಕ್ಕಟೆ ಸಿಗುವ ಸಿಬಿಲ್ ವರದಿ ತೆಗೆದು, ಅದರಲ್ಲಿ 'ಸೆಟಲ್ಡ್' ಅಲ್ಲ, 'ಕ್ಲೋಸ್ಡ್' ಅಂತಲೇ ಇದೆಯಾ ನೋಡಿದೆ. ಸೆಟಲ್ಡ್ ಅಂದರೆ ಪೂರ್ತಿ ಕಟ್ಟಲಿಲ್ಲ ಅಂತ ಅರ್ಥ. 1909ಕ್ಕೆ ಮೆಸೇಜ್ ಹಾಕಿ, ಮಾರಾಟದ ಫೋನುಗಳನ್ನು ತಡೆಯುವ ಡಿಎನ್‌ಡಿ ಮಾಡಿಸಿದೆ. ಫೋನುಗಳು ಕಡಿಮೆಯಾದವು, ಪೂರ್ತಿ ನಿಂತಿಲ್ಲ.

ಮುಖ್ಯವಾದದ್ದು ಬೇರೆ. ಆ ಮಿನಿಮಮ್ 3,000 ಕಟ್ಟುತ್ತಿದ್ದ ತಾರೀಖಿಗೇ, ಬ್ಯಾಂಕಿನಲ್ಲಿ ತಿಂಗಳು ತಿಂಗಳು ಹಣ ಕೂಡಿಡುವ ಒಂದು ಆರ್‌ಡಿ ಶುರು ಮಾಡಿದೆ. ತಿಂಗಳಿಗೆ ಅಷ್ಟು ಕಳಕೊಂಡು ಬದುಕುವುದು ರೂಢಿಯಾಗಿತ್ತಲ್ಲ, ಕಷ್ಟ ಆಗಲಿಲ್ಲ. ಓವರ್‌ಲಾಕ್ ಕೆಲಸ ಮಾತ್ರ ಪಕ್ಕದ ಯೂನಿಟ್‌ನಲ್ಲಿ ಪೀಸಿನ ಲೆಕ್ಕಕ್ಕೆ ಮಾಡಿಸಿದೆವು. ಐದು ತಿಂಗಳು ಲಾಭ ತೆಳ್ಳಗಾಯಿತು, ಹೆಂಡತಿ ಗೊಣಗಿದ್ದೂ ಉಂಟು. ಆಮೇಲೆ ಆರ್‌ಡಿ ಮುರಿದು 14,000ಕ್ಕೆ ಸೆಕೆಂಡ್ ಹ್ಯಾಂಡ್ ಮಷೀನು ತಂದೆ. ಸದ್ದು ಜಾಸ್ತಿ, ಕೆಲಸಕ್ಕೆ ಅಡ್ಡಿಯಿಲ್ಲ.

ಫೋನಿನಲ್ಲಿ ಬೇಡ ಅನ್ನುವುದು ಈಗ ಸುಲಭ. "ಬೇಡ, ಲಿಸ್ಟಿಂದ ನನ್ನ ನಂಬರ್ ತೆಗೀರಿ" ಅಂದು ಇಡುತ್ತೇನೆ, ಮಾತು ಬೆಳೆಸುವುದಿಲ್ಲ. ಕಷ್ಟ ಆಗಿದ್ದು ಎದುರೆದುರು. ಎರಡನೇ ಆರ್‌ಡಿ ಮಾಡಿಸಲು ಹೋದಾಗ ಬ್ಯಾಂಕಿನವರು ಕುರ್ಚಿ ಹಾಕಿ, ಚಹಾ ತರಿಸಿ, "ನಿಮ್ಮ ಸ್ಕೋರ್ ಚೆನ್ನಾಗಿದೆ ಸರ್, ಒಂದು ಕಾರ್ಡ್ ಇಟ್ಕೊಳ್ಳಿ" ಅಂದರು. ಚಹಾ ಕುಡಿದು ಹೇಗೆ ಇಲ್ಲ ಅನ್ನುವುದು? "ಮನೆಯಾಕೀನ ಕೇಳಿ ಹೇಳ್ತೀನ್ರೀ" ಅಂದೆ. ನಕ್ಕು ಸುಮ್ಮನಾದರು. ಮನೆಗೆ ಬಂದು ನಾನು ಕೇಳಲೂ ಇಲ್ಲ.