ಕೆಲಾಯ್ಡ್ ತೆಗೆಸುವ ಮೊದಲೇ ರೇಡಿಯೇಷನ್ ದಿನ ಗೊತ್ತು ಮಾಡಿಕೊಳ್ಳಿ

ಎಡಗಿವಿಗೆ ಎರಡನೇ ತೂತು ಚುಚ್ಚಿಸಿಕೊಂಡಿದ್ದೆ. ಅಲ್ಲಿ ಕಡಲೆಕಾಳಿನಷ್ಟು ಗಂಟು ಎದ್ದಿತು. ಗಾಯದ ಕಲೆ ಮಿತಿಮೀರಿ ಬೆಳೆದು ಆಗುವ ಇಂಥ ಗಂಟೇ ಕೆಲಾಯ್ಡ್. ಆಪರೇಷನ್ ಮಾಡಿಸಿ ತೆಗೆಸಿದೆ. ಎಂಟೇ ತಿಂಗಳಲ್ಲಿ ನೆಲ್ಲಿಕಾಯಿಯಷ್ಟಾಗಿ ವಾಪಸ್ ಬಂತು. ಬರೀ ಕತ್ತರಿಸಿ ತೆಗೆದರೆ ಕೆಲಾಯ್ಡ್ ಹೆಚ್ಚಾಗಿ ಹೀಗೇ ಮಾಡುತ್ತದೆ ಎಂದು ಆಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡನೇ ಸಲ ಬುದ್ಧಿ ಬಂತು. ಪ್ಲಾಸ್ಟಿಕ್ ಸರ್ಜನ್ ದಿನ ಕೊಡುವ ಮೊದಲೇ ರೇಡಿಯೇಷನ್ ಡಾಕ್ಟರನ್ನು ನೋಡಿ ಬಂದೆ. ನೀವೂ ಹಾಗೇ ಮಾಡಿ. ಗಾಯ ಮಾಯಲು ಹೊರಟ ಕೂಡಲೇ ಕೊಲಾಜೆನ್ (ಚರ್ಮಕ್ಕೆ ಗಟ್ಟಿತನ ಕೊಡುವ ನಾರಿನಂಥ ಪ್ರೋಟೀನ್) ಹೆಣೆಯುವ ಜೀವಕೋಶಗಳು ಕೆಲಸ ಶುರು ಮಾಡುತ್ತವೆ. ಕೆಲಾಯ್ಡ್ ಬರುವವರಲ್ಲಿ ಅವು ನಿಲ್ಲಿಸುವುದೇ ಇಲ್ಲ. ಅವನ್ನು ಶುರುವಿನಲ್ಲೇ ತಡೆಯುವುದು ರೇಡಿಯೇಷನ್ ಕೆಲಸ. ಅದಕ್ಕೇ ಮೊದಲ ಡೋಸ್ ಸಾಮಾನ್ಯವಾಗಿ 24 ಗಂಟೆಯೊಳಗೆ ಬೀಳಬೇಕು, ತಡವೆಂದರೆ 72 ಗಂಟೆ. ಶುಕ್ರವಾರ ಆಪರೇಷನ್ ಇಟ್ಟುಕೊಂಡು ಭಾನುವಾರ ಮುಚ್ಚಿದ ಬಾಗಿಲು ನೋಡಬೇಡಿ. ನನ್ನದು ಸೋಮವಾರ ಬೆಳಿಗ್ಗೆ ಆಯಿತು, ಮಂಗಳವಾರ ಮಧ್ಯಾಹ್ನ ಮೊದಲ ಡೋಸ್.

ನನಗೆ ದಿನಕ್ಕೆ 5 ಗ್ರೇಯಂತೆ (ಗ್ರೇ ಎಂದರೆ ರೇಡಿಯೇಷನ್ ಡೋಸ್ ಅಳೆಯುವ ಮಾನ) ಮೂರು ದಿನ ಕೊಟ್ಟರು. ಎದೆ, ಭುಜದ ಕಡೆ ಚರ್ಮ ಸದಾ ಎಳೆದುಕೊಂಡಿರುತ್ತದೆ, ಅಲ್ಲಿ ಡೋಸ್ ಜಾಸ್ತಿ ಇರಬಹುದು. ಹೊಲಿಗೆ ಹಾಗೇ ಇತ್ತು. ಸುತ್ತಲಿನ ಚರ್ಮಕ್ಕೆ ಸೀಸದ ತಗಡು ಅಡ್ಡ ಇಟ್ಟರು. ನನಗೆ ಕೊಟ್ಟ ಎಲೆಕ್ಟ್ರಾನ್ ಕಿರಣ ಚರ್ಮದ ಮೇಲ್ಭಾಗದಲ್ಲೇ ನಿಲ್ಲುತ್ತದೆ, ತೀರಾ ಒಳಗೆ ಇಳಿಯುವುದಿಲ್ಲ. ಕೆಲವೇ ನಿಮಿಷ, ನೋವೇ ಇಲ್ಲ. ನೋವಾಗಿದ್ದು ಹೊರಗಡೆ. ಕಾಯುವ ಬೆಂಚಿನ ಮೇಲೆ ಕೂತ ಅಜ್ಜಿಯೊಬ್ಬರು "ನಿನಗೂ ಕರೆಂಟ್ ಕೊಡ್ತಾರಾ ಮಗಳೇ? ಎಲ್ಲಿ ಕ್ಯಾನ್ಸರು?" ಎಂದರು. ಕಿವಿ ಗಂಟು ಅಂದರೆ ನಂಬಲಿಲ್ಲ. ಮನೆಯಲ್ಲೂ ಇದೇ ಗಲಾಟೆ ಆಗುತ್ತದೆ. ಕೆಲಾಯ್ಡ್ ಕ್ಯಾನ್ಸರ್ ಅಲ್ಲ ಎಂದು ಮೊದಲೇ ಹೇಳಿಡಿ.

ಡಾಕ್ಟರನ್ನು ಒಂದು ಮಾತು ಬಿಡಿಸಿ ಕೇಳಿ: ಮುಂದೆ ಯಾವತ್ತಾದರೂ ಈ ಕಿರಣದಿಂದಲೇ ಕ್ಯಾನ್ಸರ್ ಬರುತ್ತದಾ? ಅಪಾಯ ತೀರಾ ಕಡಿಮೆ, ಸೊನ್ನೆ ಅಲ್ಲ. ಅದಕ್ಕೇ ಮಕ್ಕಳಿಗೆ ಕೊಡಲು ಹಿಂಜರಿಯುತ್ತಾರೆ. ಕುತ್ತಿಗೆ, ಸ್ತನದ ಹತ್ತಿರವಾದರೆ ಎರಡು ಸಲ ಯೋಚಿಸುತ್ತಾರೆ. ಗರ್ಭಿಣಿ ಆಗಿರಬಹುದು ಎಂಬ ಅನುಮಾನವಿದ್ದರೂ ಮುಚ್ಚಿಡದೆ ಹೇಳಿ.

ಮುಂದಿನ ಹಡಾವುಡಿ ಕಡಿಮೆ. ಚರ್ಮ ಕೆಂಪಾಗಿ ಆಮೇಲೆ ಕಪ್ಪಾಗುತ್ತದೆ, ನಮ್ಮ ಬಣ್ಣದವರಿಗೆ ತುಸು ಜಾಸ್ತಿಯೇ. ನನ್ನದು ತಿಳಿಯಾಗಲು ವರ್ಷ ಹಿಡಿಯಿತು. ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಮಾಯ್ದ ಮೇಲೆ ಸಿಲಿಕಾನ್ ಪಟ್ಟಿ, ರಾತ್ರಿ ಒತ್ತಿ ಹಿಡಿಯುವ ಕ್ಲಿಪ್ ಓಲೆ ಹಾಕಿಕೊಂಡೆ. ಅರಿಸಿನ, ನಿಂಬೆರಸ ಹಚ್ಚುವ ಉಪದೇಶ ಬರುತ್ತಲೇ ಇರುತ್ತದೆ. ಸುಮ್ನೆ ತಲೆಯಾಡಿಸಿ, ಹಚ್ಚಬೇಡಿ.

ತಿಂಗಳಿಗೊಂದು ಫೋಟೋ ತೆಗೆದಿಡಿ, ಎರಡು ವರ್ಷವಾದರೂ. ಗಂಟು ಕಾಣುವ ಮೊದಲು ತುರಿಕೆ ಬರಬಹುದು. ನನಗೆ ಏಳನೇ ತಿಂಗಳಲ್ಲಿ ಬಂತು, ಓಡಿದೆ, ಒಂದು ಸ್ಟೀರಾಯ್ಡ್ ಇಂಜೆಕ್ಷನ್ನಿಗೆ ಅಡಗಿತು. ಈಗ ಮೂರನೇ ವರ್ಷ. ಆ ಕಿವಿಗೆ ಒಂದೇ ಓಲೆ.