ಬಣ್ಣ ನೋಡದೆ ಕೌದಿ ಹೊಲಿದೆ, ನಡೆಯಿತು

ಕೌದಿಗೆ, ಅಂದರೆ ಬಟ್ಟೆ ತುಂಡು ಕೂಡಿಸಿ ಕೈಯಲ್ಲಿ ಹೊಲಿಯುವ ಹೊದಿಕೆಗೆ, ಬಟ್ಟೆ ಆರಿಸುವಾಗ ಬಣ್ಣ ನೋಡುವುದನ್ನು ಬಿಟ್ಟು ಮೂರು ವರ್ಷದ ಮೇಲಾಯಿತು. ದಟ್ಟ ಯಾವುದು, ತಿಳಿ ಯಾವುದು, ಇಷ್ಟೇ ನೋಡುತ್ತೇನೆ. ಮೊದಲು ಹೇಳಿದಾಗ ನನ್ನ ಜೊತೆ ಹೊಲಿಯುವ ಅಕ್ಕಂದಿರು ನಕ್ಕರು. "ಕೆಂಪಿನ ಮಗ್ಗಲಕ್ಕ ಹಸರು ಬರಬೇಕವಾ, ಇಲ್ಲಂದ್ರ ಅದು ಕೌದಿ ಹೆಂಗಾಕೈತಿ?" ಅಂತ ದೊಡ್ಡಕ್ಕ ನೇರವಾಗಿ ಕೇಳಿದಳು. ಬೆಂಗಳೂರಿನಲ್ಲಿ ನನ್ನ ಮಾಲು ಇಟ್ಟು ಮಾರುವ ಅಂಗಡಿಯವರು, "ಮೇಡಂ, ಸುಮ್ನೆ ಇಂಡಿಗೋ ನೀಲಿನೇ ಕಳಿಸಿ, ರಿಸ್ಕ್ ಬೇಡ" ಅಂದರು. ಈಗ ಅವರೇ ತಿಂಗಳಿಗೆ ಎಂಟು-ಹತ್ತು ಕೇಳುತ್ತಾರೆ. ನಾನು ನಾಲ್ಕೈದಕ್ಕಿಂತ ಜಾಸ್ತಿ ಕೊಡುವುದಿಲ್ಲ, ಕೈ ಹೊಲಿಗೆ ಅಷ್ಟೇ ಆಗುವುದು.

ನಾನು ಈ ಕೆಲಸಕ್ಕೆ ಬಂದಾಗ ಮದುವೆ ಕೌದಿಯ ಆರ್ಡರು ಬರುತ್ತಿತ್ತು. ಹೊಸ ಪಾಪ್ಲಿನ್ ತಂದು ಕೆಂಪು, ಹಳದಿ, ಹಸಿರು ತ್ರಿಕೋನ ಕೂಡಿಸಿ ಹೊಲಿದರೆ ಎಲ್ಲರಿಗೂ ಖುಷಿ. ಆಮೇಲೆ ಮೆತ್ತನೆಯ ಸಿಂಥೆಟಿಕ್ ಮಿಂಕ್ ಬ್ಲಾಂಕೆಟ್ ಬಂದವು. ಮೊದಲೇ ಸೋಲಾಪುರ ಚಾದರ ಅರ್ಧ ತಿಂದಿತ್ತು, ಉಳಿದರ್ಧ ಇವು ತಿಂದವು. ನಮ್ಮೂರ ಕಡೆಯಲ್ಲೇ ಕೌದಿ ಹೊದೆಯುವುದು ಬಡತನ ಅನ್ನೋ ಹಾಗಾಯಿತು. ಅದೇ ಹೊತ್ತಿಗೆ ಬೆಂಗಳೂರಿನವರು ಕೌದಿ ಬೇಕು ಅಂತ ಶುರು ಮಾಡಿದರು. ಅವರಿಗೆ ಕೌದಿ ಬೇಕು, ಬಣ್ಣ ಮಾತ್ರ ಬೇಡ! ಒಂದು ವರ್ಷ ಕೋರಾ ಬಟ್ಟೆ, ಮಣ್ಣಿನ ಬಣ್ಣ. ಮರುವರ್ಷ ಇಂಡಿಗೋ. ಅದರ ಮೇಲೆ ರಾಜಸ್ಥಾನದ ಸಾಂಗಾನೇರಿ ಅಚ್ಚಿನ ಪ್ರಿಂಟು. ಆಮೇಲೆ ಖಣದ, ಅಂದರೆ ಕುಬುಸದ ನೇಯ್ಗೆ ಬಟ್ಟೆಯ, ಹುಚ್ಚು. ಒಬ್ಬರಂತೂ ಗೋಡೆಗೆ ಹೊಡೆಸಿದ ಪೇಂಟಿನ ಫೋಟೋ ಕಳಿಸಿ, "ಇದಕ್ಕೆ ಮ್ಯಾಚ್ ಆಗಲಿ" ಅಂದಿದ್ದರು.

ಪ್ರತಿ ಸಲವೂ ಅವರ ಹಿಂದೆ ಓಡಿ ಬಟ್ಟೆ ತಂದೆ. ಇಂಡಿಗೋ ಮತ್ತು ಸಾಂಗಾನೇರಿಗೇ ಹತ್ತಿರ ಹತ್ತಿರ ನಲವತ್ತು ಸಾವಿರ ಹೋಯಿತು. ಅರ್ಧ ಥಾನು ಬಟ್ಟೆ ಖಾಲಿಯಾಗುವುದರೊಳಗೆ ಕೇಳುವವರು ಇಲ್ಲ. ಎರಡು ವರ್ಷ ಅಲಮಾರಿಯಲ್ಲೇ ಕೂತಿತ್ತು. ಅದನ್ನು ನೋಡಿದಾಗಲೆಲ್ಲ ನಮ್ಮ ಮನೆಯವರು ಏನೂ ಮಾತಾಡುತ್ತಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ದಟ್ಟ-ತಿಳಿಯ ವಿಚಾರ ಹೊಳೆದದ್ದು ಫೋನಿನಿಂದ. ಒಂದೇ ಅಳತೆಯ, ಒಂದೇ ತರಹ ಹೊಲಿದ ಎರಡು ಕೌದಿ. ಒಂದು ದೂರದಿಂದ ಎದ್ದು ಕಾಣುತ್ತಿತ್ತು, ಇನ್ನೊಂದು ಬರೀ ಗಜಿಬಿಜಿ. ಫೋಟೋ ತೆಗೆದು ಬಣ್ಣ ತೆಗೆದು ಹಾಕಿದೆ, ಕಪ್ಪು-ಬಿಳುಪು ಮಾಡಿದೆ. ಚೆನ್ನಾಗಿದ್ದ ಕೌದಿಯಲ್ಲಿ ಚೌಕಗಳು ಸ್ಪಷ್ಟ ಕಂಡವು. ಗಜಿಬಿಜಿ ಕೌದಿ ಇಡೀ ಒಂದೇ ಬೂದು ಬಣ್ಣ. ಅದರಲ್ಲಿ ಇಳಕಲ್ ಸೀರೆಯ ಕೆಂಪಿನ ಪಕ್ಕ ಎಲೆಹಸಿರು ಇಟ್ಟಿದ್ದೆ. ಬರಿಗಣ್ಣಿಗೆ ಎರಡೂ ಜಗಳಕ್ಕೆ ನಿಂತ ಹಾಗಿದ್ದವು. ಫೋನಿನಲ್ಲಿ ಯಾವುದು ಕೆಂಪು, ಯಾವುದು ಹಸಿರು ಗೊತ್ತೇ ಆಗಲಿಲ್ಲ. ದೊಡ್ಡಕ್ಕನ "ಕೆಂಪಿನ ಮಗ್ಗಲಕ್ಕ ಹಸರು" ಯಾಕೆ ಒಮ್ಮೆ ಕೂಡುತ್ತದೆ, ಒಮ್ಮೆ ಕೂಡುವುದಿಲ್ಲ ಅನ್ನುವುದು ಅವತ್ತು ತಿಳಿಯಿತು.

ಈಗ ಮಾಡುವುದು ಹೀಗೆ. ತುಂಡುಗಳನ್ನೆಲ್ಲ ನೆಲಕ್ಕೆ ಹಾಸಿ ಒಂದು ಫೋಟೋ. ಮೂರು ಗುಡ್ಡೆ: ದಟ್ಟ, ನಡುವಿನದು, ತಿಳಿ. ದೊಡ್ಡ ಹೂವಿನ ಪ್ರಿಂಟು ಯಾವ ಗುಡ್ಡೆಗೂ ನೆಟ್ಟಗೆ ಸೇರುವುದಿಲ್ಲ, ಅದನ್ನು ಕಣ್ಣು ಮುಚ್ಚಿ ನಡುವಿನದಕ್ಕೆ ಹಾಕಿ. ಅಂಚಿನ ಸುತ್ತು ದಟ್ಟ, ಒಳಗೆ ಬಂದ ಹಾಗೆ ತಿಳಿ. ಕೌದಿಯ ಹೊಲಿಗೆಯೂ ಹೊರಗಿನಿಂದ ಸುತ್ತಿಕೊಂಡು ಒಳಗೇ ಬರುವುದಲ್ವಾ, ಎರಡೂ ಒಂದೇ ದಾರಿ ಹಿಡಿಯುತ್ತವೆ. ಇಷ್ಟಾದ ಮೇಲೆ ಬಣ್ಣ ಯಾವುದಾದರೂ ಇರಲಿ. ಗುಲಾಬಿ ಪಕ್ಕ ಕಿತ್ತಳೆ, ಅದರ ಪಕ್ಕ ಸತ್ತ ಸ್ಟಾಕಿನ ಇಂಡಿಗೋ. ಆ ನಲವತ್ತು ಸಾವಿರದ ಮಾಲು ಪೂರ್ತಿ ದಟ್ಟದ ಗುಡ್ಡೆಗೆ ಹೋಗಿ ಖಾಲಿಯಾಯಿತು. ಮೂರು ಗುಡ್ಡೆಯಿಂದ ಎಷ್ಟೆಷ್ಟು ಪಾಲು ತಗೋತೀನಿ ಅನ್ನುವುದನ್ನು ಬರೆಯಲ್ಲ. ನಾಲ್ಕು ಕೌದಿ ಹೊಲಿಯಿರಿ, ನಿಮಗೇ ಸಿಗುತ್ತದೆ.

ಇನ್ನು ಹಳೆ ಬಟ್ಟೆಯ ಗೋಳು. ಪಾತ್ರೆ ಕೊಟ್ಟು ಹಳೆ ಸೀರೆ ತಗೊಳ್ಳುವವರ ಹತ್ತಿರ ಮೊದಲು ಒಳ್ಳೆಯ ನೂಲಿನ ಸೀರೆ ಸಿಗುತ್ತಿತ್ತು. ಈಗ ಹತ್ತರಲ್ಲಿ ಎಂಟು ಪಾಲಿಯೆಸ್ಟರು. ಒಳಪದರಕ್ಕಾದರೂ ಆಗಲಿ ಅಂತ ಪಾಲಿಯೆಸ್ಟರ್ ಸೀರೆ ಹಾಕಿ ಮೂರ್ನಾಲ್ಕು ಹೊಲಿದೆವು. ಹೊಲಿಯುವಾಗ ಜಾರಿತು. ಒಗೆದ ಮೇಲೆ ಒಳಗೇ ಮುದ್ದೆಯಾಗಿ ಮೂಲೆಗೆ ಹೋಗಿ ಕೂತಿತು. ಬೇಸಿಗೆಯಲ್ಲಿ ಹೊದ್ದವರು ಬೆವರಿ ಒದ್ದೆ. ಎರಡು ವಾಪಸ್ ಬಂದವು, ದುಡ್ಡು ಕೊಟ್ಟೆ. ಆವತ್ತಿನಿಂದ ಒಳಗೆ ನೂಲಿನ ಸೀರೆ ಅಥವಾ ಹಳೆ ಧೋತರ ಮಾತ್ರ. ಅವು ಎಲ್ಲಿ ಸಿಗುತ್ತವೆ ಅಂತ ಕೇಳಬೇಡಿ, ಜಾಗ ಹೇಳಿದರೆ ನನಗೇ ಸಿಗಲ್ಲ.

ಇಳಕಲ್ ಸೀರೆಯಲ್ಲಿ ಇನ್ನೆರಡು ತಕರಾರು. ಒಂದು, ಕೆಂಪು ಬಿಡುವುದು. ಉಪ್ಪುನೀರಿನಲ್ಲಿ ನೆನೆಸಿದರೆ ನಿಲ್ಲುತ್ತದೆ ಅನ್ನುತ್ತಾರೆ, ನನ್ನ ಕೈಯಲ್ಲಿ ಒಮ್ಮೆಯೂ ನಿಂತಿಲ್ಲ. ನೀರು ತಿಳಿಯಾಗುವ ತನಕ ಒಗೆಯುವುದೇ ಗತಿ. ಕೊನೆಗೆ ಒದ್ದೆ ಬಿಳಿ ಚಿಂದಿಯನ್ನು ಅದರ ಮೇಲಿಟ್ಟು ಇಸ್ತ್ರಿ ಒತ್ತುತ್ತೇನೆ. ಚಿಂದಿಗೆ ಗುಲಾಬಿ ಹತ್ತಿದರೆ ಮತ್ತೆ ತೊಟ್ಟಿಗೆ. ಎರಡು, ಸೆರಗು. ತೋಪು ತೆನೆ ಅನ್ನುವ ಕೆಂಪು-ಬಿಳಿ ವಿನ್ಯಾಸದ ಸೆರಗು ಚಂದ ಅಂತ ಎಲ್ಲರಿಗೂ ಅದೇ ನಡುವಿಗೆ ಬೇಕು. ಆದರೆ ಮೈ ನೂಲು, ಸೆರಗು ರೇಷ್ಮೆ ಇಲ್ಲವೇ ಆರ್ಟ್ ಸಿಲ್ಕು. ಒಗೆದಾಗ ಎರಡೂ ಒಂದೇ ಸಮ ಕುಗ್ಗುವುದಿಲ್ಲ, ಸುತ್ತ ನೆರಿಗೆ ಬೀಳುತ್ತದೆ. ಸೆರಗು ಹಾಕುವುದಾದರೆ ಸಣ್ಣ ತುಂಡು ಮಾಡಿ ಅಲ್ಲಲ್ಲಿ ಹಂಚಿ. ಮೈಯ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸಿದ ಜಾಗವನ್ನಂತೂ ಕತ್ತರಿಸಿ ತೆಗೆದುಬಿಡಿ, ಮೊದಲು ಹರಿಯುವುದು ಅಲ್ಲೇ.

ಗುಳೇದಗುಡ್ಡದ ಖಣದ ಬಗ್ಗೆ ಜನ ಕೇಳುತ್ತಲೇ ಇರುತ್ತಾರೆ. ನೋಡಲಿಕ್ಕೆ ಅದನ್ನು ಮೀರಿಸುವ ಬಟ್ಟೆ ಇಲ್ಲ, ಒಪ್ಪುತ್ತೇನೆ. ಕತ್ತರಿಸಿದ ಕೂಡಲೇ ಎಳೆ ಬಿಚ್ಚುತ್ತದೆ. ಬಟ್ಟೆಯ ಹಿಂಬದಿಗೆ ಪೇಸ್ಟಿಂಗ್, ಅಂದರೆ ಇಸ್ತ್ರಿಯಿಂದ ಅಂಟಿಸುವ ಗಟ್ಟಿ ಬಟ್ಟೆ, ಹಾಕಿ ನೋಡಿದೆ, ಎಳೆ ನಿಂತಿತು, ಕೌದಿ ರಟ್ಟಾಯಿತು. ಅಂಚನ್ನು ಎರಡು ಸಲ ಮಡಚಿ ಹೊಲಿದೆ, ಡಬ್ಬಣ ಹೋಗಲಿಲ್ಲ. ಕೌದಿಗೆ ಖಣ ಬೇಡ, ದಿಂಬಿನ ಕವರಿಗೆ ಇರಲಿ. ಇದು ನನ್ನ ಅಭಿಪ್ರಾಯ, ಖಣದಲ್ಲೇ ಹೊಲಿದು ಹೆಸರು ಮಾಡಿದವರು ಬೈಯಬಹುದು.

ಒಂದು ಅಡ್ಡ ಪ್ರಯೋಗ ಹೇಳಲೇಬೇಕು. ಅಮೆರಿಕದಲ್ಲಿರುವ ತಂಗಿಯ ಮಗಳು ಕ್ವಿಲ್ಟಿಂಗ್ ಬಟ್ಟೆ ತಂದುಕೊಟ್ಟಳು. ಅಲ್ಲಿ ಫ್ಯಾಟ್ ಕ್ವಾರ್ಟರ್ ಅಂತ 18 ಇಂಚಿಗೆ 22 ಇಂಚಿನ ತುಂಡು, ಎರಡೂವರೆ ಇಂಚಿನ ಪಟ್ಟಿ ಸುತ್ತಿಟ್ಟರೆ ಜೆಲ್ಲಿ ರೋಲ್. ಎಲ್ಲ ಒಂದಕ್ಕೊಂದು ಹೊಂದುವ ಬಣ್ಣ, ನಾವು ಯೋಚನೆ ಮಾಡುವ ಕೆಲಸವೇ ಇಲ್ಲ. ಹೊಲಿದೆ. ನೀಟಾಗಿ ಬಂತು, ಜೀವ ಬರಲಿಲ್ಲ. ಎಲ್ಲವೂ ನಡುವಿನ ಗುಡ್ಡೆಯದೇ ಬಟ್ಟೆ! ದೊಡ್ಡಕ್ಕನ ನೂಲಿನ ಕಪ್ಪು ಚಂದ್ರಕಾಳಿ ಸೀರೆಯನ್ನು ಬೇಡಿ ತಂದು ಒಂದು ಗೇಣಿನ ಅಂಚು ಕೊಟ್ಟ ಮೇಲೆ ಸರಿಹೋಯಿತು.

ನನ್ನ ರುಚಿ ಯಾವ ಕಡೆ ಅಂದರೆ ಆಫ್ರಿಕಾ ಮೂಲದ ಸಿದ್ದಿ ಹೆಂಗಸರ ಕಡೆ. ಯಲ್ಲಾಪುರ, ಹಳಿಯಾಳದ ಕಡೆ ಅವರ ಕೌದಿ, ಅಂದರೆ ಕವಂದಿ, ನೋಡಿದ್ದೀರಲ್ವಾ? ತುಂಡು ಮೊದಲೇ ಕೂಡಿಸುವುದಿಲ್ಲ. ಕೆಳಗೊಂದು ಸೀರೆ ಹಾಸಿ, ಮೂಲೆ ಹಿಡಿದು, ಕೈಗೆ ಸಿಕ್ಕ ತುಂಡು ಇಡುತ್ತಾ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಮೂಲೆಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಫೂಲ, ಅಂದರೆ ಹೂವು, ಇಡದೆ ಮುಗಿಸುವುದಿಲ್ಲ. ಅಲ್ಲಿ ಯಾರೂ ಮ್ಯಾಚಿಂಗ್ ಅನ್ನುವ ಮಾತೇ ಆಡುವುದಿಲ್ಲ. ಫೋನಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ, ನಾನು ನೋಡಿದ ಬಹಳಷ್ಟರಲ್ಲಿ ದಟ್ಟ-ತಿಳಿ ತಾನಾಗಿ ಬಿದ್ದಿದೆ.

ಹೊಲಿಗೆಯಲ್ಲಿ ಒಂದೇ ಮಾತು. ಹೊರಗಿನಿಂದ ಒಳಗೆ ಬರುವಾಗ ಬಟ್ಟೆ ಸರಿದು ಸರಿದು ನಡುವೆ ಹೊಟ್ಟೆ ಬರುತ್ತದೆ, ಎಲ್ಲರಿಗೂ ಗೊತ್ತಿರುವ ಕಾಟ. ತಿಳಿ ಬಟ್ಟೆ ನಡುವೆ ಇಟ್ಟರೆ ಅದು ಇನ್ನೂ ಜಾಸ್ತಿ ಕಾಣುತ್ತದೆ. ಗೇಣಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಕಚ್ಚಾ ಹೊಲಿಗೆ ಹಾಕಿ, ಮುಗಿದ ಮೇಲೆ ಕಿತ್ತು ಹಾಕಿ. ಸಾಲಿನ ನಡುವೆ ಒಂದು ಬೆರಳಿನ ಅಂತರ ಸಾಕು. ನಮ್ಮೂರಿನಲ್ಲಿ ಕೊನೆಯ ತುಂಡು ಮುಚ್ಚುವ ಮೊದಲು ಒಂದು ಚೂರು ಚಪಾತಿ ಇಟ್ಟು ಹೊಲಿಯುತ್ತಾರೆ, ಕೌದಿ ಹಸಿದಿರಬಾರದು ಅಂತ. ಬೆಂಗಳೂರಿಗೆ ಕಳಿಸುವುದಕ್ಕೆ ಇಡುವುದಿಲ್ಲ, ಇರುವೆ ಬಂತು ಅಂತ ಒಂದು ಫೋನು ಬಂದಿತ್ತು. ಈಗ ನಾಲ್ಕು ಕಾಳು ಅಕ್ಕಿ.

ದುಡ್ಡಿನ ಲೆಕ್ಕ, ನೆನಪಿನ ಮೇಲೆ. ಡಬಲ್ ಬೆಡ್ಡಿನ ಒಂದು ಕೌದಿಗೆ ಬಟ್ಟೆ, ದಾರ ಸೇರಿ ಏಳೆಂಟು ನೂರು. ಹೊಲಿಯುವ ಅಕ್ಕನಿಗೆ ಎರಡು ಸಾವಿರ, ಅದರಲ್ಲಿ ಚೌಕಾಸಿ ಇಲ್ಲ. ಅಂಗಡಿಯವರ ಪಾಲು ಕಳೆದು ನನಗೆ ಸಾವಿರದ ಇನ್ನೂರರಿಂದ ಒಂದೂವರೆ ಸಾವಿರ ಉಳಿಯುತ್ತದೆ. ಇಂಡಿಗೋ ಕಾಲದಲ್ಲಿ ಐನೂರು ಉಳಿದರೆ ಹಬ್ಬ. ಗೋಡೆ ಫೋಟೋ ಕಳಿಸಿದವರಿಗೆ ಹೋದ ದೀಪಾವಳಿಗೆ ಎಲ್ಲ ಬಣ್ಣ ಕೂಡಿದ್ದೇ ಕಳಿಸಿದೆ, ಹೇಳದೆ ಕೇಳದೆ. ಇನ್ನೊಂದು ಬೇಕು ಅಂದರು. ದೊಡ್ಡಕ್ಕ ಇನ್ನೂ ಒಪ್ಪಿಲ್ಲ, ಆದರೆ ಮೊನ್ನೆ ತುಂಡು ಆರಿಸುವಾಗ ನನ್ನ ಫೋನು ಇಸಕೊಂಡಳು.

ಸದ್ಯಕ್ಕೆ ಹಳೆ ನೈಟಿಗಳ ಮೇಲೆ ಕೈ ಇಟ್ಟಿದ್ದೇನೆ. ನೂಲಿನವು ಇನ್ನೂ ಸಿಗುತ್ತವೆ, ತಿಳಿ ಗುಡ್ಡೆಗೆ ಅವೇ ಆಸರೆ. ಹಳೆಯದಾದ ಮೇಲೆ ಎಷ್ಟು ಒಗೆತ ತಡೆಯುತ್ತವೆ ನೋಡಬೇಕು. ಮಳೆಗಾಲ ಕಳೆಯಲಿ, ಬರೆಯುತ್ತೇನೆ.