ಒಂದು ಸೇರು ಕೊಟ್ಟರೆ ಒಂದೂವರೆ ಸೇರು ವಾಪಸ್: ಊರಿನ ಬೀಜದ ಮನೆ ನಡೆಸಿದ ನನ್ನ ಅನುಭವ

ಊರಿಗೆ ಏನಾದರೂ ಮಾಡಬೇಕು ಅಂತ ಹೊರಟವರು ಮೊದಲು ಸುಮ್ನೆ ಹಂಚೋಕೆ ಶುರು ಮಾಡುತ್ತಾರೆ. ನಾನು ಸಾಲ ಕೊಟ್ಟವಳು. ರಾಗಿ, ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಒಂದು ಸೇರು ಬೀಜ ಒಯ್ದವರು ಸುಗ್ಗಿ ಮುಗಿದ ಮೇಲೆ ಒಂದೂವರೆ ಸೇರು ತಂದು ಅಳೆಯಬೇಕು. ದುಡ್ಡು ಕೊಡ್ತೀನಿ ಅಂದರೆ ತಗೊಳ್ಳುವುದಿಲ್ಲ. ಬೀಜಕ್ಕೆ ಬೀಜವೇ ಆಗಬೇಕು. ಎಪ್ಪತ್ತು ದಾಟಿದ ನನಗೆ ಈಗ ಊರಲ್ಲಿರುವ ಹೆಸರು ‘ಬಡ್ಡಿ ಅಜ್ಜಿ’. ಕರೆಯಲಿ ಬಿಡಿ, ಬಡ್ಡಿ ಮಾತ್ರ ಸರಿಯಾಗಿ ಬರುತ್ತಿದೆ.

ನಮ್ಮದು ತುಮಕೂರು ಜಿಲ್ಲೆಯ ಬಯಲುಸೀಮೆ. ಕೆಮ್ಮಣ್ಣಿನ ಹೊಲ, ಮಳೆ ನಂಬಿದ ಬೇಸಾಯ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಸಡ್ಡೆ ಬಿಡುವುದು. ಮುಂದೆ ಗಂಡಸರು ಕೂರಿಗೆ ಹೊಡೆದುಕೊಂಡು ರಾಗಿ ಬಿತ್ತುತ್ತಾ ಹೋಗುತ್ತಾರೆ. ಹಿಂದೆ ಕಟ್ಟಿದ ಸಡ್ಡೆ ಅನ್ನುವ ಬಿದಿರಿನ ಕೊಳವೆಗೆ ನಾವು ಅಕ್ಕಡಿ ಕಾಳು, ಅಂದರೆ ರಾಗಿ ನಡುವಿನ ಸಾಲಿನ ಬೇರೆ ಕಾಳು, ಬಿಡುತ್ತಾ ನಡೆಯಬೇಕು. ಮಡಿಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬೇರೆ ಬೇರೆ ಗಂಟು. ಕೈ ಬಿಗಿಯಾದರೆ ಸಾಲು ಬೋಳು, ಸಡಿಲವಾದರೆ ಅವರೆ ಬಳ್ಳಿ ಎದ್ದು ರಾಗಿಯನ್ನೇ ಮುಚ್ಚಿಬಿಡುತ್ತದೆ. ಯಾವ ಮನೆಯ ಕಾಳು ಹೇಗೆ ಬರುತ್ತದೆ ಅನ್ನೋದು ಹೀಗೆ ಬಿಡುತ್ತಾ ಬಿಡುತ್ತಾ ಹೆಂಗಸರಿಗೆ ಗೊತ್ತಾಗುತ್ತದೆ. ಗಂಡಸರನ್ನು ಕೇಳಿದರೆ ‘ಮನೇಲಿ ಕೇಳಿ’ ಅನ್ನುತ್ತಾರೆ.

ನಮ್ಮತ್ತೆ ಸೂಲಗಿತ್ತಿ. ರಾತ್ರಿ ಯಾರಾದರೂ ಬಾಗಿಲು ಬಡಿದರೆ ಲಾಟೀನು ಹಿಡಿದು ಜೊತೆಗೆ ಹೋಗುತ್ತಿದ್ದವಳು ನಾನು. ಬಿಸಿನೀರು ಕಾಯಿಸೋದು, ಬಾಣಂತಿಗೆ ಎಣ್ಣೆ ತೀಡೋದು ಎಲ್ಲ ಅವರಿಂದಲೇ ಕಲಿತೆ. ನಮ್ಮ ಜಿಲ್ಲೆಯವರೇ ಆದ ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರು ಒಂದು ಪೈಸೆ ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮತ್ತೆ ಬದುಕಿರಬೇಕಿತ್ತು ಅನ್ನಿಸಿತು. ನಾನು ಆ ಕೆಲಸದಲ್ಲಿ ಜಾಸ್ತಿ ದಿನ ಇರಲಿಲ್ಲ. ಆಶಾ ಕಾರ್ಯಕರ್ತೆಯರು ಬಂದರು, 2008ರಲ್ಲಿ 108 ಗಾಡಿ ಬಂತು, ಹೆರಿಗೆ ಆಸ್ಪತ್ರೆಗೆ ಹೋಯಿತು. ಒಳ್ಳೆಯದೇ ಆಯಿತು. ನಾಡಿ ನೋಡಿ ಧೈರ್ಯ ಹೇಳುವ ಕಾಲದಲ್ಲಿ ಕಳೆದುಕೊಂಡ ಹೆಣ್ಣುಮಕ್ಕಳನ್ನೂ ನೋಡಿದ್ದೇನೆ.

ಪಂಚಾಯ್ತಿಗೂ ಹೋಗಿ ಬಂದೆ. ನಮ್ಮ ರಾಜ್ಯದಲ್ಲಿ 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲೇ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಇಟ್ಟಿದ್ದರು. ಆಗ ನನ್ನ ಮನೆಯವರು ಒಪ್ಪಲಿಲ್ಲ. 1993ರ ಕೊನೆಯಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಬಂದಾಗ ನಾನು ಅವರನ್ನು ಕೇಳಲೇ ಇಲ್ಲ. ಒಂದು ಅವಧಿ ಮೆಂಬರ್ ಆಗಿದ್ದೆ. ಬೋರ್‌ವೆಲ್ ಎಲ್ಲಿ ಕೊರೆಯಬೇಕು ಅನ್ನುವ ಜಗಳ ಬಿಟ್ಟರೆ ಅಲ್ಲಿ ನಾನು ಕಲಿತಿದ್ದು ಒಂದೇ: ಪುಸ್ತಕದಲ್ಲಿ ಬರೆಯದ ಮಾತಿಗೆ ಬೆಲೆ ಇಲ್ಲ. ಏಳನೇ ಕ್ಲಾಸಿನ ಓದು ಅಲ್ಲಿ ಉಪಯೋಗಕ್ಕೆ ಬಂತು.

2000–01ರಲ್ಲಿ ಸ್ತ್ರೀಶಕ್ತಿ ಸಂಘಗಳು ಶುರುವಾದವು. ನಮ್ಮ ಬೀದಿಯ ಹೆಂಗಸರೂ ಸೇರಿ ಒಂದು ಮಾಡಿಕೊಂಡೆವು. ವಾರಕ್ಕೆ 10 ರೂಪಾಯಿ ಉಳಿತಾಯ. ಅದರ ಹಿಂದೆಯೇ ಬರ ಬಂತು. 2001ರಿಂದ 2003ರವರೆಗೆ ಸಾಲು ಸಾಲಾಗಿ ಮಳೆ ಕೈಕೊಟ್ಟಿತು. ಮೊದಲ ವರ್ಷ ಜನ ದನ ಮಾರಿದರು. ಆಮೇಲೆ ಬಿತ್ತನೆಗೆ ಇಟ್ಟಿದ್ದ ರಾಗಿಯನ್ನೇ ಬೀಸಿ ಮುದ್ದೆ ಮಾಡಿದರು. ಮಳೆ ಬಂದಾಗ ಹೊಲ ಹದವಾಗಿತ್ತು, ಬೀಜ ಇರಲಿಲ್ಲ. ಅಂಗಡಿ ಮುಂದೆ ಸಾಲು ನಿಂತು ತಂದದ್ದು ಒಂದೇ ತಳಿ. ಆವತ್ತಿನ ಸಂಘದ ಸಭೆಯಲ್ಲಿ ನಾನು ಹೇಳಿದೆ: ದುಡ್ಡು ಉಳಿಸುವ ಹಾಗೆ ಬೀಜವನ್ನೂ ಉಳಿಸೋಣ, ವಾರದ ಲೆಕ್ಕ ಬೇಡ, ಸುಗ್ಗಿಯ ಲೆಕ್ಕ ಸಾಕು.

ಯಾವ ತಳಿ ಇಡಬೇಕು ಅನ್ನುವುದರಲ್ಲೇ ಅರ್ಧ ಬುದ್ಧಿ ಇದೆ. ಆರಿದ್ರಾ, ಪುನರ್ವಸು ಮಳೆಗೆ ಬಿತ್ತಿದರೆ ನಿಧಾನಕ್ಕೆ ಬರುವ ನಾಟಿ ರಾಗಿ ಚೆನ್ನ. ಎತ್ತರ ಬೆಳೆಯುತ್ತದೆ, ಹುಲ್ಲು ಜಾಸ್ತಿ. ಹಸು ಕಟ್ಟಿದವರಿಗೆ ಕಾಳಿಗಿಂತ ಹುಲ್ಲಿನದೇ ಯೋಚನೆ. ಮಳೆ ತಡವಾದರೆ ಅದೇ ರಾಗಿ ತೆನೆ ಕಟ್ಟುವ ಹೊತ್ತಿಗೆ ನೆಲ ಒಣಗಿರುತ್ತದೆ. ಆಗ ಬೇಗ ಬರುವ ತಳಿ ಬೇಕು. ಹಾಗಂತ ನಾನು ಹೊಸ ತಳಿಗಳ ಶತ್ರು ಅಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆಯೇ ನಮ್ಮ ಕಡೆ ಕಣ ತುಂಬಿದ್ದು. ಬೆಂಕಿ ರೋಗ ತಡೆಯುವ ಜಿಪಿಯು-28 ರಾಗಿ ತಳಿ ಕೂಡ ನಮ್ಮ ಬೀಜದ ಮನೆಯಲ್ಲಿದೆ. ಅದರ ಪಕ್ಕದ ಮಡಕೆಯಲ್ಲಿ ಹಸಿರುಕಡ್ಡಿ, ಗಿಡ್ಡ ರಾಗಿ. ಮಳೆ ಯಾವಾಗ ಬರುತ್ತದೋ ಗೊತ್ತಿಲ್ಲದ ಊರಲ್ಲಿ ಒಂದೇ ತಳಿ ನಂಬಿ ಕೂರಬಾರದು.

ಬೀಜ ಆರಿಸುವುದು ಕಣದಲ್ಲಲ್ಲ, ನಿಂತ ಬೆಳೆಯಲ್ಲಿ. ಕೊಯ್ಲಿಗೆ ವಾರ ಇರುವಾಗ ಹೊಲಕ್ಕೆ ಇಳಿಯುತ್ತೇವೆ. ಬದುವಿನ ಅಂಚಿನ ದಪ್ಪ ತೆನೆ ನೋಡಿ ಹೊಸಬರು ಮರುಳಾಗುತ್ತಾರೆ. ಅದು ತಿಪ್ಪೆ ಗೊಬ್ಬರ ಜಾಸ್ತಿ ಬಿದ್ದ ಜಾಗ, ತಳಿಯ ಗುಣ ಅಲ್ಲ. ಹೊಲದ ನಡುವೆ ಹೋಗಬೇಕು. ಎಲ್ಲ ಗಿಡಗಳ ಜೊತೆ ಅಷ್ಟೇ ನೀರು, ಅಷ್ಟೇ ಗೊಬ್ಬರ ಕುಡಿದು ಚೆನ್ನಾಗಿ ಬಂದದ್ದು ಬೇಕು. ಇಲುಕುಗಳು, ಅಂದರೆ ತೆನೆಯ ಬೆರಳುಗಳು, ತುದಿವರೆಗೂ ಕಾಳು ಕಟ್ಟಿರಬೇಕು, ತೆನೆಯ ಕುತ್ತಿಗೆ ಕಪ್ಪಾಗಿರಬಾರದು. ಅಂಥದ್ದಕ್ಕೆ ಕೆಂಪು ದಾರ ಕಟ್ಟುತ್ತೇವೆ. ಆಮೇಲೆ ಅವನ್ನು ಮಾತ್ರ ಬೇರೆ ಕೊಯ್ದು, ಒಣಗಿಸಿ, ಕೋಲಿನಲ್ಲಿ ಬಡಿದು ಕಾಳು ಬಿಡಿಸುತ್ತೇವೆ. ರೋಣಗಲ್ಲು ಹೊಡೆದ ರಾಶಿಯಿಂದ, ಟಾರು ರಸ್ತೆಯಲ್ಲಿ ಗಾಡಿ ಓಡಿಸಿದ ರಾಶಿಯಿಂದ ನಾವು ಬೀಜ ತಗೊಳ್ಳುವುದಿಲ್ಲ. ನಾಲ್ಕು ಹೊಲದ ಕಾಳು ಅಲ್ಲೇ ಬೆರೆತಿರುತ್ತದೆ.

ರಾಗಿ ಇಡುವುದು ಸುಲಭ. ಹಿಂದೆ ಹಗೇವು ಅನ್ನುವ ನೆಲದೊಳಗಿನ ಕಣಜದಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಕಷ್ಟ ಇರುವುದು ಅವರೆ, ತೊಗರಿಯಲ್ಲಿ. ಹುಳ ಬಿತ್ತು ಅಂದರೆ ಡಬ್ಬಿ ತುಂಬ ಹಿಟ್ಟು. ತೊಗರಿಗೆ ಕೆಮ್ಮಣ್ಣಿನ ಕದಡು ಬಳಿದು ಗರಿಗರಿಯಾಗಿ ಒಣಗಿಸುತ್ತೇವೆ. ಅವರೆಗೆ ಜರಡಿ ಹಿಡಿದ ಒಲೆ ಬೂದಿ, ಮೇಲೆ ಒಣಗಿದ ಬೇವಿನ ಸೊಪ್ಪು. ಮಡಕೆ ಬಾಯಿಗೆ ಬಟ್ಟೆ ಕಟ್ಟಿ ಸಗಣಿ ಸಾರಿಸಿದರೆ ಮುಗಿಯಿತು. ಅವರೆಗೆ ಇನ್ನೊಂದು ದೊಡ್ಡ ಕೀಟ ಇದೆ: ನಾವೇ. ಚಳಿಗೆ ಸೊಗಡು ಏರಿದ ಕಾಯಿ ಕಂಡರೆ ಹಿತಕಿದ ಬೇಳೆ ಸಾರು ಮಾಡದೆ ಇರೋಕೆ ಆಗುತ್ತಾ? ಅದಕ್ಕೇ ಬೀಜಕ್ಕೆ ಬಿಟ್ಟ ಸಾಲನ್ನು ಮನೆಯಿಂದ ದೂರದ ಮೂಲೆಯಲ್ಲಿ ಇಡಿ ಅಂತ ಹೇಳುತ್ತೇನೆ.

ಸಾಲ ಕೊಡುವ ಮುಂಚೆ ಮೊಳಕೆ ನೋಡಲೇಬೇಕು. ನೂರು ಕಾಳು ಎಣಿಸಿ ಒದ್ದೆ ಗೋಣಿ ತುಂಡಿನಲ್ಲಿ ಸುತ್ತಿಡುತ್ತೇವೆ. ಎಂಬತ್ತಕ್ಕಿಂತ ಕಮ್ಮಿ ಮೊಳೆತರೆ ಆ ಮಡಕೆ ಅಡುಗೆ ಮನೆಗೆ. ಕೂರಿಗೆ ಬಿತ್ತನೆಗೆ ರಾಗಿಯನ್ನು ಎಕರೆಗೆ 4 ಕೆ.ಜಿ. ಲೆಕ್ಕದಲ್ಲಿ ಕೊಡುತ್ತೇವೆ.

ವಸೂಲಿ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮ ಪುಸ್ತಕದಲ್ಲಿ ಮೂರೇ ಕಲಂ: ಏನು ಒಯ್ದರು, ಎಷ್ಟು, ಯಾವ ಹೊಲಕ್ಕೆ. ಸಾಲ ಬರೆಯುವುದು ಹೆಂಡತಿಯ ಹೆಸರಲ್ಲಿ, ಗಂಡನ ಹೆಸರಲ್ಲಲ್ಲ. ಬೆಳೆ ನಿಂತಾಗ ಒಂದು ಸಲ ಹೊಲ ನೋಡಿ ಬರುತ್ತೇವೆ. ಹಾಗಾಗಿ ಬೆಳೆ ಆಯಿತೋ ಇಲ್ಲವೋ ಅನ್ನೋದು ನಮಗೂ ಗೊತ್ತಿರುತ್ತದೆ. ಒಂದು ವರ್ಷ ಒಬ್ಬ ಬಂದು ತಲೆ ತಗ್ಗಿಸಿ ನಿಂತ.

‘ದೊಡ್ಡಮ್ಮ, ಈ ಸಲ ಏನೂ ಆಗ್ಲಿಲ್ಲ.’

‘ನೋಡಿದೀನಿ ಕಣಪ್ಪ, ಒಣಗಿಹೋಯ್ತು. ಮುಂದಿನ ಸುಗ್ಗಿಗೆ ಕೊಡು, ಬಡ್ಡಿ ಬೇಡ. ಹೆಂಡ್ತೀನ ಕರ್ಕೊಂಡ್ ಬಾ, ಪುಸ್ತಕದಲ್ಲಿ ಬರ್ಸಿ ಹೋಗ್ಲಿ.’

ಬರೆಸಲೇಬೇಕು ಅನ್ನುವುದು ಅವರ ಮೇಲಿನ ಅನುಮಾನಕ್ಕಲ್ಲ. ಬರೆಸದೆ ಹೋದವರು ನಾಚಿಕೆಯಿಂದ ಮುಂದಿನ ವರ್ಷ ಬೀಜ ಕೇಳೋಕೂ ಬರುವುದಿಲ್ಲ. ಬೆಳೆ ಚೆನ್ನಾಗಿದ್ದೂ ಕೊಡದವರ ಮನೆಗೆ ಮಾತ್ರ ನಾನು ಹೋಗಿ ಜಗಲಿ ಮೇಲೆ ಕೂರುತ್ತೇನೆ. ಕಾಫಿ ಕೊಟ್ಟರೆ ಕುಡಿಯುತ್ತೇನೆ, ಬೀಜ ಅಳೆಯುವ ತನಕ ಏಳುವುದಿಲ್ಲ. ವಯಸ್ಸಾದ ಹೆಂಗಸಿಗೆ ಇಷ್ಟು ಸಲಿಗೆ ಊರು ಕೊಡುತ್ತದೆ. ಸಣ್ಣ ವಯಸ್ಸಿನವರು ಹೀಗೆ ಕೂತರೆ ಜಗಳ ಆಗುತ್ತದೆ.

ಈಗಿನ ತಲೆನೋವು ಬೇರೆ. ರಾಗಿಗೆ ಬೆಂಬಲ ಬೆಲೆ ಏರಿದೆ, 2025–26ಕ್ಕೆ ಕ್ವಿಂಟಲ್‌ಗೆ 4,886 ರೂಪಾಯಿ. ಸಂತೋಷವೇ. ಆದರೆ ಒಂದು ಚೀಲವನ್ನೂ ಮನೆಯಲ್ಲಿ ಬಿಡದೆ ಎಲ್ಲ ಖರೀದಿ ಕೇಂದ್ರಕ್ಕೆ ಹೋಗುತ್ತಿದೆ. ಸಾಲ ತೀರಿಸುವ ಹೊತ್ತಿಗೆ ಅಂಗಡಿಯಿಂದ ಯಾವುದೋ ರಾಗಿ ತಂದು ಅಳೆಯುವವರೂ ಇದ್ದಾರೆ. ಕಾಳಿನ ಬಣ್ಣ ನೋಡಿದರೇ ಗೊತ್ತಾಗುತ್ತದೆ. ಅದನ್ನು ವಾಪಸ್ ಕಳಿಸಿ, ಸಡ್ಡೆ ಸಾಲಿನ ಹುಚ್ಚೆಳ್ಳೋ ಸಾಸಿವೆಯೋ ಇದ್ದರೆ ಅದನ್ನೇ ತನ್ನಿ ಅನ್ನುತ್ತೇವೆ.

ಬೀಗದ ಕೈ ಈಗ ನನ್ನ ಸೊಸೆಯ ಹತ್ತಿರ ಇದೆ. ಪುಸ್ತಕ ಬಿಟ್ಟು ಮೊಬೈಲಿನಲ್ಲಿ ಬರೆಯುತ್ತಾಳೆ, ಬರೆಯಲಿ. ಒಂದು ವಿಷಯದಲ್ಲಿ ಇಬ್ಬರಿಗೂ ಹೊಂದಿಲ್ಲ. ಅವಳಿಗೆ ಸಾಮೆ, ನವಣೆ ಬೀಜ ಜಾಸ್ತಿ ಮಾಡಬೇಕು ಅಂತ ಆಸೆ. 2023 ಸಿರಿಧಾನ್ಯ ವರ್ಷ ಆದಮೇಲೆ ಕೇಳುವವರು ಬಂದಿದ್ದಾರೆ ಅನ್ನುತ್ತಾಳೆ. ನನ್ನ ಮಾತು ಇಷ್ಟೇ: ಸಾಮೆಯ ಸಿಪ್ಪೆ ತೆಗೆಯೋಕೆ ಹತ್ತಿರದಲ್ಲಿ ಮಿಲ್ ಇಲ್ಲ. ಒರಳಲ್ಲಿ ಕುಟ್ಟಿ ಅಂದರೆ ಈಗ ಯಾರು ಕುಟ್ಟುತ್ತಾರೆ? ಸದ್ಯಕ್ಕೆ ಬೀಜ ಸಾಯದೆ ಇರಲಿ ಅಂತ ಒಂದಿಬ್ಬರು ನಾಲ್ಕು ಸಾಲು ಹಾಕುತ್ತಿದ್ದಾರೆ. ಸಣ್ಣ ಮಿಲ್ ಬೇಕು ಅಂತ ಸಂಘದಿಂದ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದೇವೆ, ಸ್ವೀಕೃತಿ ಸಹಿ ಹಾಕಿಸಿಕೊಂಡು ಬಂದಿದ್ದೇವೆ. ಮಿಲ್ ಬಂದ ವರ್ಷ ಅವಳು ಹೇಳಿದಷ್ಟು ಸಾಮೆ ಬಿತ್ತೋಣ ಅಂತ ಮಾತಾಗಿದೆ.